ಬಡಪಾಯಿಯ ಮೇಲೆ ಒಲವು, ಗೆದ್ದವನ ಮೇಲೆ ಮುನಿಸು

1973-74ರ ಸಾಲಿನಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಟ್ರೋಫಿಯ ಉಪಾಂತ್ಯ ಪಂದ್ಯವು ಕ್ರಿಕೆಟ್ ಬಲ್ಲ ಹಿರಿಯ ಕನ್ನಡಿಗರ ನೆನಪಿನಿಂದ ಇನ್ನೂ ಮಾಸಿಲ್ಲ. ಎದುರಾಳಿ ಮುಂಬಯಿ. 1958-59ರಿಂದ 1972-73ರವರೆಗೆ ಸತತವಾಗಿ ಹದಿನೈದು ಸಲ ಆ ಪಾರಿತೋಷಕವು ಅರಬ್ಬೀ ಕಡಲ ತೀರವನ್ನು ಬಿಟ್ಟು ಕದಲಿರಲಿಲ್ಲ. ಕರ್ನಾಟಕವಾದರೋ 'ಮೈಸೂರು' ಎಂಬ ಹಳೆಯ ಹೆಸರಿನಲ್ಲಿ 1941-42ರಲ್ಲಿಯೂ 1959-60ರಲ್ಲಿಯೂ ಅಂತಿಮ ಪಂದ್ಯವನ್ನು ಮುಟ್ಟಿ, ಎರಡು ಸಲವೂ ಇದೇ ಮುಂಬಯಿಗೆ ಶರಣಾಗಿ ಹಿಂದಿರುಗಿದ ತಂಡ. ಈ ಸಲ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಓಟಗಳನ್ನು ಗಳಿಸಿದರು. ತಂಡದ ಮೊತ್ತ 385 ಆಯಿತು. ನಾಯಕ ಪ್ರಸನ್ನರ ಚೆಂಡು ಗಾವಸ್ಕರರ ವಿಕೆಟ್ಟನ್ನು ಕೆಡವಿತು; ಆಗ ಭಾರತದ ನಾಯಕರಾಗಿದ್ದ ವಾಡೇಕರ್ ರನ್‌ಔಟ್ ಆದರು; ಮುಂಬಯಿಯ ಸರದಿ 307ಕ್ಕೆ ಮುಗಿಯಿತು. ಮುನ್ನಡೆಯ ಬಲದಿಂದ ಕರ್ನಾಟಕವು ಅಂತಿಮ ಪಂದ್ಯಕ್ಕೆ ನಡೆದು, ಜಯಪುರದಲ್ಲಿ ರಾಜಸ್ಥಾನವನ್ನು ಮಣಿಸಿ, ಪ್ರಪ್ರಥಮವಾಗಿ ಪಾರಿತೋಷಕವನ್ನು ಎತ್ತಿ ಹಿಡಿಯಿತು. (ಆ 162ರ ವಿಶ್ವನಾಥರು ಮುಂದೆ ಗಾವಸ್ಕರರ ತಂಗಿಯ ಕೈಹಿಡಿದರು. ಮೈದಾನದ ಹಗೆ ಮನೆಯ ಹೊಸಿಲು ದಾಟುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.)

ಕನ್ನಡಿಗರು ಹಿಗ್ಗಿದ್ದು ಸಹಜವೇ. ಆದರೆ ಕರ್ನಾಟಕದೊಡನೆ ನಂಟಾಗಲಿ, ಮುಂಬಯಿಯೊಡನೆ ಹಗೆಯಾಗಲಿ ಇಲ್ಲದ ಪ್ರೇಕ್ಷಕನಿಗೂ ಇಂತಹ ಗೆಲುವು ಸಿಹಿಯಾಗಿ ತೋರುತ್ತದೆ. ಇದು ಕರುಣೆಯೇ? ನ್ಯಾಯಬುದ್ಧಿಯೇ? ಎರಡೂ ಅಷ್ಟಿಷ್ಟು ಇರಬಹುದು. ಮನಶ್ಶಾಸ್ತ್ರಜ್ಞರು ಕಂಡುಕೊಂಡ ಸಂಗತಿ ಮಾತ್ರ ಅಷ್ಟೇನೂ ಸಾತ್ತ್ವಿಕವಾದುದಲ್ಲ. 1991ರಲ್ಲಿ ಅಮೆರಿಕದ ಫ್ರೇಜಿಯರ್ ಮತ್ತು ಸ್ನೈಡರ್ ಎಂಬ ಸಂಶೋಧಕರು ವಿದ್ಯಾರ್ಥಿಗಳ ಮುಂದೆ ಏಳು ಪಂದ್ಯಗಳ ಕಲ್ಪಿತ ಮಾಲೆಯೊಂದನ್ನು ಇಟ್ಟರು. ತಂಡಗಳಿಗೆ ಹೆಸರಿಲ್ಲ, ಊರಿಲ್ಲ. ಒಂದು ಬಲಿಷ್ಠ, ಇನ್ನೊಂದು ದುರ್ಬಲ, ಅಷ್ಟೆ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ದುರ್ಬಲರ ಪಕ್ಷ ವಹಿಸಿದರು. ಆ ದುರ್ಬಲ ತಂಡವೇ ಮೊದಲ ಮೂರು ಪಂದ್ಯಗಳನ್ನು ಗೆದ್ದಿತೆಂದು ತಿಳಿಸಿದೊಡನೆ, ಅವರಲ್ಲಿ ಅರ್ಧದಷ್ಟು ಜನ ಎದುರು ಪಾಳೆಯಕ್ಕೆ ಹಾರಿದರು! ಅಂದರೆ ಒಲವು ಇದ್ದದ್ದು ತಂಡದ ಮೇಲಲ್ಲ, ಅದು ನಿಂತಿದ್ದ ಮೆಟ್ಟಿಲಿನ ಮೇಲೆ.

ಇದರ ಹಿಂದಿರುವುದು ಹಳ್ಳಿಯ ಲೇವಾದೇವಿಗಾರನಿಗೂ ತಿಳಿಯುವ ಲೆಕ್ಕ. ಬಲಿಷ್ಠನ ಮೇಲೆ ಮನಸ್ಸಿಟ್ಟವನಿಗೆ ಗೆಲುವಿನಿಂದ ಬರುವ ಲಾಭ ಅಲ್ಪ, ಸೋತರೆ ಮುಖಭಂಗ. ಬಡಪಾಯಿಯ ಪಕ್ಷ ಹಿಡಿದವನಿಗೆ ಸೋತರೆ ನಷ್ಟವಿಲ್ಲ, ಗೆದ್ದರೆ ಹಬ್ಬ. ಈ ಅಗ್ಗದ ಪಣವು ಹೃದಯಕ್ಕೂ ಹಗುರವಾದುದೆನ್ನಬೇಕು. ತನ್ನದೇ ತಂಡವೆಂದು ಪ್ರಾಣ ತೆತ್ತು ನೋಡುವವನ ಪಾಡೇ ಬೇರೆ. 2006ರ ವಿಶ್ವಕಪ್ ಫುಟ್‌ಬಾಲಿನ ಕಾಲದಲ್ಲಿ ಜರ್ಮನಿಯ ಮ್ಯೂನಿಕ್ ಪ್ರದೇಶದ ವೈದ್ಯರು ಲೆಕ್ಕ ಹಾಕಿದಾಗ, ಜರ್ಮನ್ ತಂಡ ಆಡಿದ ದಿನಗಳಲ್ಲಿ ಹೃದಯ ಸಂಬಂಧವಾದ ತುರ್ತು ಪ್ರಕರಣಗಳು ಸಾಮಾನ್ಯ ದಿನಗಳಿಗಿಂತ 2.66 ಪಟ್ಟು ಹೆಚ್ಚಿದ್ದುದು ಕಂಡುಬಂದಿತು. ಮೊದಲೇ ಹೃದ್ರೋಗವಿದ್ದವರಿಗೆ ಅಪಾಯ ಇನ್ನೂ ಅಧಿಕವಾಗಿದ್ದಿತು. ಅಂಥವರು ಪಂದ್ಯದ ದಿನ ಮಾತ್ರೆ ಮರೆಯದಿರುವುದು, ಎದೆನೋವನ್ನು ಉತ್ಸಾಹದಲ್ಲಿ ಅಲಕ್ಷಿಸದಿರುವುದು ಒಳ್ಳೆಯದು.

ದುರ್ಬಲನೆಂಬ ಹಣೆಪಟ್ಟಿ ನೋಡುವ ಕಣ್ಣನ್ನೂ ಬದಲಿಸುತ್ತದೆ. 2007ರಲ್ಲಿ ಪ್ರಕಟವಾದ ವಂಡೆಲ್ಲೊ ಮತ್ತು ಸಂಗಡಿಗರ ಪ್ರಯೋಗದಲ್ಲಿ ಒಂದೇ ಬ್ಯಾಸ್ಕೆಟ್‌ಬಾಲ್ ಆಟದ ಚಿತ್ರವನ್ನು ಎಲ್ಲರಿಗೂ ತೋರಿಸಲಾಯಿತು. ಯಾವ ತಂಡವನ್ನು ದುರ್ಬಲವೆಂದು ಹೇಳಿತ್ತೋ ಆ ತಂಡದಲ್ಲಿ ನೋಡುಗರು ಬೆವರು, ಛಲಗಳನ್ನು ಕಂಡರು. ಎದುರಿನವರಲ್ಲಿ ಹುಟ್ಟುಪ್ರತಿಭೆಯನ್ನು ಕಂಡರು. ಬಲಿಷ್ಠನೂ ಬೆವರಿದ್ದನೆಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಕನ್ನಡದ ಆದಿಕವಿಯನ್ನೂ ಈ ಸೆಳೆತ ಬಿಡಲಿಲ್ಲವೇನೋ. ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಮಹಾಭಾರತವನ್ನು ಬರೆದ. ಗೆಲ್ಲುವವನೇ ಕಾವ್ಯದ ನಾಯಕ. ಆದರೂ ಓದುಗನ ಎದೆಯಲ್ಲಿ ಉಳಿಯುವವನು ಕರ್ಣ.

ಇನ್ನು ಗೆದ್ದವನ ಮೇಲಿನ ಮುನಿಸು. 1974ರಲ್ಲಿ ಬಡಪಾಯಿಯಾಗಿದ್ದ ಕರ್ನಾಟಕವು 1982-83ರಲ್ಲಿ ವಾಂಖೇಡೆ ಅಂಗಳದಲ್ಲಿಯೇ ಮುಂಬಯಿಯನ್ನು ಹಿಂದಿಕ್ಕಿತು. 2014-15ರ ಹೊತ್ತಿಗೆ ಎಂಟು ಸಲ ಪಾರಿತೋಷಕ ಗೆದ್ದಿತ್ತು. ಚಿಕ್ಕ ರಾಜ್ಯಗಳ ತಂಡಗಳಿಗೆ ಈಗ ಅದೇ ದೈತ್ಯ. ಹಣ್ಣಿನ ಮರಕ್ಕೇ ಕಲ್ಲೇಟು! ಆಸ್ಟ್ರೇಲಿಯದಲ್ಲಿ ಎಲ್ಲರಿಗಿಂತ ಎತ್ತರ ಬೆಳೆದವನನ್ನು ಉದ್ದನೆಯ ಗಸಗಸೆ ಗಿಡವೆನ್ನುತ್ತಾರೆ. ಅಲ್ಲಿನ ನಾರ್ಮನ್ ಫೆದರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಧಾರಣನು ಬಿದ್ದುದಕ್ಕಿಂತ ಮೇಲೇರಿದವನು ಬಿದ್ದುದೇ ವಿದ್ಯಾರ್ಥಿಗಳಿಗೆ ಹೆಚ್ಚು ಹಿತವೆನಿಸಿತ್ತು. ಆ ಏಳಿಗೆ ಅರ್ಹವಾದುದೆಂದು ತೋರಿದರೆ ಮುನಿಸು ಕುಗ್ಗುತ್ತದೆಂಬುದನ್ನೂ ಅವರು ಮುಂದೆ ತೋರಿಸಿದರು. ಜಪಾನಿನ ತಕಾಹಾಶಿ ಮತ್ತು ಸಂಗಡಿಗರು 2009ರಲ್ಲಿ ಮೆದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ, ಅಸೂಯೆಪಡುವ ವೇಳೆಯಲ್ಲಿ ನೋವಿಗೆ ಸಂಬಂಧಿಸಿದ ಭಾಗವೂ, ಅಸೂಯೆಗೆ ಗುರಿಯಾದವನು ಕೆಟ್ಟಾಗ ಸುಖಾನುಭವದ ಭಾಗವೂ ಚುರುಕಾದವು. ಹೊಟ್ಟೆಕಿಚ್ಚು ನಿಜವಾಗಿಯೂ ಸುಡುತ್ತದೆ. ವಿಶೇಷವೆಂದರೆ, ತನ್ನಂತೆಯೇ ಇದ್ದು ತನ್ನ ದಾರಿಯಲ್ಲೇ ಮುಂದೆ ಹೋದವನ ವಿಷಯದಲ್ಲಿ ಆ ಉರಿ ಹೆಚ್ಚು. ದೂರದ ಕುಬೇರನ ಮೇಲೆ ಯಾರಿಗೂ ಅಷ್ಟು ಮತ್ಸರವಿಲ್ಲ.

ಮಹಾನಗರದ ಕನ್ನಡಿಗನಿಗೆ ಇದು ಮೈದಾನಕ್ಕೆ ಹೋಗದೆಯೇ ಕಾಣಸಿಗುವ ಆಟ. ಒಂದು ತಗಡಿನ ಪೆಟ್ಟಿಗೆಯೊಡನೆ ರೈಲಿಳಿದ ಹುಡುಗನಿಗೆ ಊರಿನವರೊಬ್ಬರು ಹೋಟೆಲಿನಲ್ಲಿ ಕೆಲಸ ಕೊಡಿಸುತ್ತಾರೆ. ಮತ್ತೊಬ್ಬರು ರಾತ್ರಿ ಶಾಲೆಗೆ ಸೇರಿಸುತ್ತಾರೆ. ಪರೀಕ್ಷೆ ಪಾಸಾದರೆ ಚಾಳಿನವರೆಲ್ಲ ಸಿಹಿ ಹಂಚುತ್ತಾರೆ. ಅದೇ ಹುಡುಗ ಇಪ್ಪತ್ತು ವರ್ಷಗಳ ಮೇಲೆ ಎರಡು ಹೋಟೆಲುಗಳ ಒಡೆಯನಾದಾಗ, ಅವನ ಬೆವರು ಮರೆತುಹೋಗಿ 'ಅದೃಷ್ಟ' ಎಂಬ ಮಾತು ಮೊದಲು ಬರುತ್ತದೆ, 'ಯಾರ ಕಾಲು ಹಿಡಿದನೋ' ಎಂಬುದು ಅನಂತರ. ದೇಣಿಗೆ ಕೊಟ್ಟರೆ ಮೆರೆಯುತ್ತಾನೆ, ಕೊಡದಿದ್ದರೆ ಜಿಪುಣ. ಸಂಘದ ಸಮಾರಂಭಗಳಿಗೆ ಬರುವುದನ್ನು ಅವನು ಮೆಲ್ಲಗೆ ಕಡಿಮೆ ಮಾಡುತ್ತಾನೆ. ಅದಕ್ಕೂ ಒಂದು ಮಾತು ಸಿದ್ಧವಾಗಿರುತ್ತದೆ.