ಹೊಲದ ಮಣ್ಣಿನ ಬ್ಯಾಕ್ಟೀರಿಯಗಳು: ಅವುಗಳ ಉಪಕಾರವೂ ಅಪಕಾರವೂ

ಬ್ಯಾಕ್ಟೀರಿಯವೆಂದೊಡನೆ ಸಾಮಾನ್ಯ ಜನರ ಮನಸ್ಸಿಗೆ ತೋರುವುದು ರೋಗವೇ. ಪಾಸ್ಚರ್, ಕಾಖ್ ಮೊದಲಾದ ಪಂಡಿತರು ರೋಗಗಳಿಗೂ ಸೂಕ್ಷ್ಮಜೀವಿಗಳಿಗೂ ಇರುವ ಸಂಬಂಧವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಾಪಿಸಿದ ಮೇಲೆ ಈ ಭಾವನೆಯು ಬೇರೂರಿತು. ಆದರೆ ಒಂದು ಹಿಡಿ ಮಣ್ಣಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳಿರುವುವು. ಅವುಗಳಲ್ಲಿ ಬಹುಭಾಗವು ನಮಗೆ ಯಾವ ಕೇಡನ್ನೂ ಮಾಡತಕ್ಕವಲ್ಲ. ಇವುಗಳಲ್ಲಿ ಬಹಳ ಉಪಕಾರಿಯಾದ ಒಂದನ್ನೂ ಬಹಳ ಭಯಂಕರವಾದ ಒಂದನ್ನೂ ಆರಿಸಿಕೊಂಡು ಪರೀಕ್ಷಿಸಿದರೆ, ಉಪಕಾರಾಪಕಾರಗಳು ಆ ಜೀವಿಯು ನೆಲೆಗೊಳ್ಳುವ ಸ್ಥಳವನ್ನು ಎಷ್ಟರ ಮಟ್ಟಿಗೆ ಅವಲಂಬಿಸಿವೆಯೆಂಬುದು ವಿಶದವಾಗುವುದು.

ವಾಯುಮಂಡಲದಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಸಸ್ಯಗಳು ಅದನ್ನು ನೇರವಾಗಿ ಉಪಯೋಗಿಸಿಕೊಳ್ಳಲಾರವು. ನಮ್ಮ ರೈತರು ರಾಗಿಯ ನಡುವೆ ಅವರೆ, ತೊಗರಿಗಳನ್ನು ಅಕ್ಕಡಿಯಾಗಿ ಬಿತ್ತುವುದು ಬಹುಕಾಲದ ಪದ್ಧತಿ. ಇಂತಹ ದ್ವಿದಳ ಸಸ್ಯಗಳು ಸಾರಜನಕವಿಲ್ಲದ ಮಣ್ಣಿನಲ್ಲಿಯೂ ಬೆಳೆಯುವುದಕ್ಕೆ ಅವುಗಳ ಬೇರಿನ ಗಂಟುಗಳೇ ಕಾರಣವೆಂದು 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್ ಎಂಬುವರು ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕನು ಆ ಗಂಟುಗಳಿಂದ ರೈಜೋಬಿಯಮ್ ಜಾತಿಯ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದನು. ಗಿಡವು ಇದಕ್ಕೆ ಸಕ್ಕರೆಯನ್ನು ಒದಗಿಸುವುದು. ಇದು ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಮಾಡಿ ಗಿಡಕ್ಕೆ ಕೊಡುವುದು.

ಇಲ್ಲಿ ಒಂದು ವಿಶೇಷವಿದೆ. ಈ ಕಾರ್ಯವನ್ನು ನಡೆಸುವ ಕಿಣ್ವವು ಆಮ್ಲಜನಕ ತಗುಲಿದರೆ ಕೆಡುವುದು. ಆದುದರಿಂದ ಗಂಟಿನೊಳಗೆ ನಮ್ಮ ರಕ್ತದ ಕೆಂಪು ದ್ರವ್ಯವನ್ನು ಹೋಲುವ ವಸ್ತುವೊಂದು ಇದ್ದು, ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಮಿತವಾಗಿ ಒದಗಿಸುವುದು. ಗಂಟನ್ನು ಕುಯ್ದಾಗ ಒಳಗೆ ನಸುಗೆಂಪಾಗಿದ್ದರೆ ಅದು ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು. ಒಂದೊಂದು ಬಗೆಯ ಬೆಳೆಗೆ ಒಂದೊಂದು ಬಗೆಯ ರೈಜೋಬಿಯಮ್ ಒಗ್ಗುವುದರಿಂದ, ಸೋಯಾ ಅವರೆಯಂತಹ ಬೆಳೆಯನ್ನು ಹೊಸದಾಗಿ ಇಡುವಾಗ ತಕ್ಕ ಬ್ಯಾಕ್ಟೀರಿಯವನ್ನು ಬೆಲ್ಲದ ನೀರಿನೊಡನೆ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತುವರು.

ಇನ್ನು ಎರಡನೆಯದು ಧನುರ್ವಾಯುವಿನ ಬ್ಯಾಕ್ಟೀರಿಯ. 1884ರಲ್ಲಿ ನಿಕೊಲಾಯರ್ ಎಂಬಾತನು ತೋಟದ ಮಣ್ಣನ್ನು ಪ್ರಾಣಿಗಳ ಮೈಯೊಳಗೆ ಚುಚ್ಚಿ ಈ ರೋಗವನ್ನು ಉಂಟುಮಾಡಿದನು; 1889ರಲ್ಲಿ ಜಪಾನಿನ ಕಿಟಾಸಾಟೊ ಇದನ್ನು ಶುದ್ಧರೂಪದಲ್ಲಿ ಬೆಳೆಸಿದನು. ಇದೂ ಮಣ್ಣಿನ ನಿವಾಸಿಯೇ. ಕುದುರೆ, ದನ ಮುಂತಾದವುಗಳ ಸಗಣಿ ಲದ್ದಿಗಳಲ್ಲಿಯೂ ದೊರೆಯುವುದು. ಇದರ ಬೀಜಾಣುಗಳು ಬಿಸಿಲು ಬರಗಳನ್ನು ಸಹಿಸಿಕೊಂಡು ವರ್ಷಗಟ್ಟಲೆ ಜೀವಿಸಿರಬಲ್ಲವು. ಇದಕ್ಕೂ ಆಮ್ಲಜನಕವು ಆಗದು. ಆದ್ದರಿಂದ ರೈತನ ಅಂಗೈಗೆ ಅಂಟಿದ ಮಣ್ಣಿನಲ್ಲಿ ಇದು ನಿರುಪದ್ರವಿ. ಅದೇ ಮಣ್ಣು ಮುಳ್ಳು ಮೊಳೆಗಳೊಡನೆ ಆಳಕ್ಕೆ ಹೊಕ್ಕರೆ, ಗಾಳಿಯಾಡದ ಸತ್ತ ಮಾಂಸದ ನಡುವೆ ಬೀಜಾಣುವು ಮೊಳೆತು, ನರಗಳನ್ನು ಹಿಡಿಯುವ ಘೋರ ವಿಷವನ್ನು ಹುಟ್ಟಿಸುವುದು. ಮೊಳೆಯ ತುಕ್ಕು ರೋಗಕ್ಕೆ ಕಾರಣವಲ್ಲ. ಗಾಯದ ಆಳವೂ ಅದರಲ್ಲಿ ಸೇರಿದ ಮಣ್ಣೂ ಕಾರಣ.

ಈ ಅಪಾಯವು ಅತ್ಯಂತ ದಾರುಣವಾದುದು ನವಜಾತ ಶಿಶುಗಳ ವಿಷಯದಲ್ಲಿ. ಶುಚಿಯಿಲ್ಲದ ಅಲಗಿನಿಂದ ಹೊಕ್ಕುಳ ಬಳ್ಳಿಯನ್ನು ಕೊಯ್ಯುವುದರಿಂದಲೂ, ಅದಕ್ಕೆ ಸಗಣಿ ಮೊದಲಾದುವನ್ನು ಹಚ್ಚುವುದರಿಂದಲೂ 1988ರಲ್ಲಿ ಪ್ರಪಂಚದಲ್ಲಿ ಸುಮಾರು 7,87,000 ಶಿಶುಗಳು ಧನುರ್ವಾಯುವಿನಿಂದ ಮಡಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಗರ್ಭಿಣಿಯರಿಗೆ ಚುಚ್ಚುಮದ್ದು, ಶುಚಿಯಾದ ಹೆರಿಗೆ, ಇವೆರಡರ ಪ್ರಸಾರದಿಂದ ಭಾರತದಲ್ಲಿ ಬಾಣಂತಿಯರ ಮತ್ತು ಶಿಶುಗಳ ಧನುರ್ವಾಯುವು ನಿವಾರಣೆಯಾಯಿತೆಂದು 2015ರಲ್ಲಿ ದೃಢಪಟ್ಟಿತು. ಆದರೆ ಇಲ್ಲಿ ನಿವಾರಣೆಯೆಂದರೆ ಪ್ರತಿಯೊಂದು ಜಿಲ್ಲೆಯಲ್ಲಿಯೂ ಸಾವಿರ ಜನನಗಳಿಗೆ ಒಂದಕ್ಕಿಂತ ಕಡಮೆ ಶಿಶುವಿಗೆ ಈ ರೋಗ ತಗಲುವುದು ಎಂದರ್ಥವೇ ಹೊರತು ನಿರ್ಮೂಲವೆಂದಲ್ಲ. ಸಿಡುಬಿಗೆ ಮನುಷ್ಯನೊಬ್ಬನೇ ಆಶ್ರಯವಾಗಿದ್ದುದರಿಂದ ಅದನ್ನು ನಿರ್ಮೂಲ ಮಾಡಲು ಸಾಧ್ಯವಾಯಿತು. ಧನುರ್ವಾಯುವಿಗೆ ಭೂಮಿಯೇ ಆಶ್ರಯ. ಅಲ್ಲದೆ, ಒಮ್ಮೆ ಈ ರೋಗದಿಂದ ಪಾರಾದವನಿಗೂ ಅದರಿಂದ ರಕ್ಷಣೆ ದೊರೆಯುವುದಿಲ್ಲ. ಚುಚ್ಚುಮದ್ದನ್ನು ತಪ್ಪದೆ ಹಾಕಿಸಿಕೊಳ್ಳಬೇಕು.

ಹೀಗೆ ಆಮ್ಲಜನಕವನ್ನು ದೂರವಿಟ್ಟ ಎಡೆಯಲ್ಲಿಯೇ ಒಂದು ಬ್ಯಾಕ್ಟೀರಿಯವು ಬೆಳೆಗೆ ಆಹಾರವನ್ನೂ, ಮತ್ತೊಂದು ಮನುಷ್ಯನಿಗೆ ವಿಷವನ್ನೂ ಸಿದ್ಧಪಡಿಸುತ್ತವೆ. ಎರಡೂ ಒಂದೇ ಹೊಲದಲ್ಲಿರುವುದರಿಂದ ಮಣ್ಣನ್ನೇ ಹಗೆಯೆಂದು ಭಾವಿಸುವುದು ಅವಿವೇಕ. ಮೊದಲನೆಯದನ್ನು ಬೇರಿಗೆ ಸೇರಿಸುವುದೂ ಎರಡನೆಯದನ್ನು ಗಾಯಕ್ಕೆ ಸೇರದಂತೆ ತಡೆಯುವುದೂ ನಮ್ಮ ಕೈಯಲ್ಲಿದೆ.