ಮಗ ಎಷ್ಟು ಹೊತ್ತಿಗೆ ಬಂದಾನು?

ಮಕ್ಕಳು ವಿದೇಶದಲ್ಲಿರುವ ಬಂಗಾರಪೇಟೆ, ಕೆ.ಜಿ.ಎಫ್.ಗಳ ಮನೆಗಳಲ್ಲಿ ಹಿರಿಯರು ಹಾಸಿಗೆ ಹಿಡಿದಾಗ ಏಳುವ ಪ್ರಶ್ನೆ ಒಂದೇ: ‘ಮಗ ಎಷ್ಟು ಹೊತ್ತಿಗೆ ಬಂದಾನು?’

ಸಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಅತಿ ಸಮೀಪದ ವಾಯುಮಾರ್ಗವೇ ಸುಮಾರು 14,000 ಕಿಲೋಮೀಟರು. 2021ರ ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನವು ಮಹಿಳಾ ಪೈಲಟ್‌ಗಳ ಸಾರಥ್ಯದಲ್ಲಿ ಉತ್ತರ ಧ್ರುವದ ಮೇಲಿಂದ ಹಾರಿ, ಸುಮಾರು 17 ಗಂಟೆಗಳಲ್ಲಿ ದೇವನಹಳ್ಳಿಯನ್ನು ಸೇರಿತು. ಆಗ ಇಲ್ಲಿ ಸೋಮವಾರದ ನಸುಕು. ನಡುವಿನ ಭಾನುವಾರ ಎಲ್ಲಿ ಹೋಯಿತು? ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದು. ಈ ಲೆಕ್ಕವನ್ನರಿಯದೆ ‘ಮಗ ತಡಮಾಡಿದ’ ಎಂದು ನೊಂದುಕೊಳ್ಳಬಾರದು.

ದಾರಿಯಲ್ಲಿ ವಿಮಾನ ಬದಲಿಸಬೇಕಾದರೆ ಪ್ರಯಾಣ 20 ಗಂಟೆಗಳನ್ನು ಮೀರುತ್ತದೆ. ದೇವನಹಳ್ಳಿಯಿಂದ ಬಂಗಾರಪೇಟೆಗೆ ಮತ್ತೆ ಸುಮಾರು ಎರಡು ಗಂಟೆಯ ರಸ್ತೆ. ಆದುದರಿಂದ ಮಗನಿಗೆ ಸುದ್ದಿ ಮುಟ್ಟಿಸಲು ಕೊನೆಯ ಗಳಿಗೆಯವರೆಗೆ ಕಾಯದಿರುವುದೇ ಲೇಸು.