ಕಂಪ್ಯೂಟರ್ ಆಮೆಗತಿಯಲ್ಲಿದೆಯಾ? ಹಾರ್ಡ್ ಡಿಸ್ಕ್ ಬದಲಿಸುವ ಮುನ್ನ ಡ್ರೈವರ್ ನೋಡಿ

ಅಂಗಡಿ ಮುಂದೆ ಗ್ರಾಹಕರು ಕಾಯುತ್ತಿದ್ದಾರೆ, ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ತೆರೆದುಕೊಳ್ಳುತ್ತಿಲ್ಲ. ಮೌಸ್ ಅಲುಗಾಡುತ್ತೆ, ಕ್ಲಿಕ್ ಮಾಡಿದ್ರೆ ಏನೂ ಆಗಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಲ್ಲವೂ ಒಮ್ಮೆಲೇ ತೆರೆದುಕೊಳ್ಳುತ್ತೆ. ತಿಂಗಳ ರಿಟರ್ನ್ ಸಲ್ಲಿಸುವ ವ್ಯಾಪಾರಿಗಳಿಗೆ 11ನೇ ತಾರೀಖು ಜಿಎಸ್‌ಟಿಆರ್-1, 20ನೇ ತಾರೀಖು 3ಬಿ ಕಟ್ಟುವ ಹೊತ್ತಿಗೆ ಸರಿಯಾಗಿ ಹೀಗಾದರೆ ತಲೆ ಕೆಡದೆ ಇರದು.

ರಿಪೇರಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ: ‘ಫಾರ್ಮ್ಯಾಟ್ ಮಾಡ್ಬೇಕು’, ಇಲ್ಲವೇ ‘ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕ್ಸಿ’. ಎರಡೂ ನಿಜ ಇರಬಹುದು. ಆದರೆ ಕೆಲವೊಮ್ಮೆ ಡಿಸ್ಕ್ ಚೆನ್ನಾಗೇ ಇರುತ್ತೆ. ತೊಂದರೆ ಇರೋದು ವಿಂಡೋಸ್ ಮತ್ತು ಡಿಸ್ಕ್ ನಡುವೆ ಓಡಾಡುವ ಡ್ರೈವರ್ ಎಂಬ ಸಣ್ಣ ತಂತ್ರಾಂಶದಲ್ಲಿ.

ಮಂಡಿ ಲೆಕ್ಕದಲ್ಲಿ ಹೇಳುವುದಾದರೆ ವಿಂಡೋಸ್ ಸಾಹುಕಾರ, ಡಿಸ್ಕ್ ಗೋದಾಮು, ಡ್ರೈವರ್ ಹಮಾಲಿ. ಸಾಹುಕಾರ ಚೀಟಿ ಕೊಡುತ್ತಾನೆ, ಹಮಾಲಿ ಗೋದಾಮಿನಿಂದ ಮೂಟೆ ತರುತ್ತಾನೆ. ‘ಮೂಟೆ ರೆಡಿ’ ಅಂತ ಗೋದಾಮಿನಿಂದ ಬಂದ ಕೂಗು ಹಮಾಲಿಗೆ ಕೇಳಿಸದಿದ್ದರೆ ಅವನು ಬಾಗಿಲಲ್ಲೇ ನಿಂತಿರುತ್ತಾನೆ. ಗೋದಾಮಿನಲ್ಲಿ ಮಾಲಿದೆ, ಅಂಗಡಿಯಲ್ಲಿ ವ್ಯಾಪಾರ ನಿಂತಿದೆ.

ವಿಂಡೋಸ್ 10ರಲ್ಲಿ ನಡೆದದ್ದು ಬಹುಪಾಲು ಇದೇ. ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡು ವಿವರಿಸಿರುವ ತೊಂದರೆ ಇದು. ವಿಂಡೋಸ್ ಜೊತೆಗೇ ಬರುವ ಸಾಟಾ ಡಿಸ್ಕ್ ಡ್ರೈವರ್‌ನ ಹೆಸರು ‘ಸ್ಟೋರ್‌ಎಎಚ್‌ಸಿಐ’. ಕೆಲವು ಕಂಪ್ಯೂಟರ್‌ಗಳ ಡಿಸ್ಕ್ ಕಂಟ್ರೋಲರ್‌ನ ಫರ್ಮ್‌ವೇರ್‌ನಲ್ಲಿ ದೋಷವಿದ್ದು, ಈ ಡ್ರೈವರ್ ‘ಎಂಎಸ್‌ಐ’ ಎಂಬ ಸಂಕೇತ ಪದ್ಧತಿಯಲ್ಲಿ ಮಾತನಾಡಿದಾಗ ಕೆಲಸ ಸರಿಯಾಗಿ ಮುಗಿಯುವುದೇ ಇಲ್ಲ. ವಿಂಡೋಸ್ ಒಂದಷ್ಟು ಹೊತ್ತು ಕಾದು, ಉತ್ತರ ಬರದಿದ್ದಾಗ ಕಂಟ್ರೋಲರನ್ನು ರೀಸೆಟ್ ಮಾಡಿ ಮತ್ತೆ ಕೇಳುತ್ತೆ. ಆ ಕಾಯುವ ಹೊತ್ತೇ ಸ್ಕ್ರೀನ್ ಮುಂದೆ ಕೂತವರಿಗೆ ‘ಹ್ಯಾಂಗ್’ ಆಗಿ ಕಾಣೋದು.

ಪತ್ತೆ ಹಚ್ಚೋದು ಹೇಗೆ?

ಎಲ್ಲಕ್ಕಿಂತ ಮೊದಲು ಟ್ಯಾಲಿ ಡೇಟಾ, ಬಿಲ್ಲುಗಳು, ಫೋಟೋಗಳನ್ನು ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಡಿಸ್ಕ್ ನಿಜವಾಗಿಯೂ ಸಾಯುತ್ತಿದ್ದರೆ ಮುಂದಿನ ಪರೀಕ್ಷೆ ಮುಗಿಯುವಷ್ಟರಲ್ಲಿ ಹೋಗಿಬಿಡಬಹುದು.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಡಿಸ್ಕ್. ಇಲ್ಲಿ ಬಹಳ ಜನ ‘100%’ ನೋಡಿ ಗಾಬರಿಯಾಗ್ತಾರೆ. ಆ ಒಂದು ಅಂಕಿ ಸಾಲದು, ಪಕ್ಕದ ರೀಡ್, ರೈಟ್ ವೇಗವನ್ನೂ ನೋಡಬೇಕು. 100% ಇದ್ದು ಸೆಕೆಂಡಿಗೆ ಹತ್ತಾರು ಎಂಬಿ ಓಡುತ್ತಿದ್ದರೆ ಯಾವುದೋ ಪ್ರೋಗ್ರಾಂ, ಆಂಟಿವೈರಸ್ ಅಥವಾ ಅಪ್‌ಡೇಟ್ ಕೆಲಸ ಮಾಡುತ್ತಿದೆ ಎಂದರ್ಥ, ಸ್ವಲ್ಪ ತಾಳಿದರೆ ಸರಿಹೋಗುತ್ತೆ. 100% ಇದ್ದು ವೇಗ ಮಾತ್ರ ಸೊನ್ನೆ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಅಂತ ತೋರಿಸಿದರೆ ಅನುಮಾನ ಡ್ರೈವರ್, ಕೇಬಲ್ ಅಥವಾ ಡಿಸ್ಕ್ ಮೇಲೆ. ಸಾಮಾನ್ಯ ತಿರುಗುವ ಡಿಸ್ಕ್ ಒಂದು ಕಡತ ಹುಡುಕಲು ಹತ್ತಿಪ್ಪತ್ತು ಮಿಲಿಸೆಕೆಂಡ್ ತೆಗೆದುಕೊಳ್ಳೋದು ಸಹಜ. ಸಾವಿರ ಸಹಜವಲ್ಲ.

ಈ ಮೂರರಲ್ಲಿ ಯಾರು ಕಳ್ಳ ಅಂತ ತಿಳಿಯಲು ಈವೆಂಟ್ ವ್ಯೂವರ್ ಇದೆ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ, ವಿಂಡೋಸ್ ಲಾಗ್ಸ್‌ನಲ್ಲಿ ಸಿಸ್ಟಂ ತೆರೆಯಿರಿ. ಹ್ಯಾಂಗ್ ಆದ ಸಮಯಕ್ಕೆ ಸರಿಯಾಗಿ 129 ಸಂಖ್ಯೆಯ ಎಚ್ಚರಿಕೆ, ಮೂಲದಲ್ಲಿ ‘ಸ್ಟೋರ್‌ಎಎಚ್‌ಸಿಐ’ ಎಂದಿದ್ದರೆ ಮೇಲೆ ಹೇಳಿದ ರೀಸೆಟ್ ನಡೆದಿದೆ. ಸಂಖ್ಯೆ 7 ಕಂಡರೆ ಡಿಸ್ಕ್‌ನಲ್ಲೇ ಕೆಟ್ಟ ಜಾಗವಿದೆ. ಅಲ್ಲಿಗೆ ಡ್ರೈವರ್ ವಿಚಾರ ಬಿಟ್ಟು ಹೊಸ ಡಿಸ್ಕ್ ತರುವುದೇ ಸರಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲೂ ಡಿಸ್ಕ್‌ನ ಆರೋಗ್ಯ ನೋಡಬಹುದು. ಅದರಲ್ಲಿ ‘ಸಿಆರ್‌ಸಿ ಎರರ್’ ಲೆಕ್ಕ ದಿನದಿನಕ್ಕೆ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನದು. ಡೆಸ್ಕ್‌ಟಾಪ್ ಆದರೆ ಕೇಬಲ್ ಬದಲಿಸಿ ನೋಡೋದು ಅತಿ ಅಗ್ಗದ ರಿಪೇರಿ.

ಸರಿಪಡಿಸೋದು ಹೇಗೆ?

ಡಿವೈಸ್ ಮ್ಯಾನೇಜರ್‌ನಲ್ಲಿ ‘ಐಡಿಇ ಎಟಿಎ’ ಎಂದು ಶುರುವಾಗುವ ಸಾಲಿನ ಕೆಳಗೆ ಎಎಚ್‌ಸಿಐ ಕಂಟ್ರೋಲರ್ ಇರುತ್ತೆ. ಅದರ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಡೀಟೇಲ್ಸ್ ಒತ್ತಿದರೆ ಯಾವ ಡ್ರೈವರ್ ಓಡುತ್ತಿದೆ ಅಂತ ಗೊತ್ತಾಗುತ್ತೆ. ಸ್ಟೋರ್‌ಎಎಚ್‌ಸಿಐ ಇದ್ದರೆ ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ಕಂಪನಿಯ ಸ್ವಂತ ವೆಬ್‌ಸೈಟ್‌ಗೆ ಹೋಗಿ, ಮಾಡೆಲ್ ನಂಬರ್ ಹಾಕಿ, ಅವರ ಸ್ಟೋರೇಜ್ ಡ್ರೈವರ್ ಮತ್ತು ಬಯಾಸ್ ಅಪ್‌ಡೇಟ್ ಇದೆಯೇ ನೋಡಿ. ಕಂಪನಿಯ ಡ್ರೈವರ್ ಹಾಕಿದ ಮೇಲೆಯೇ ನಿಧಾನ ಶುರುವಾಗಿದ್ದರೆ ಉಲ್ಟಾ ಮಾಡಬೇಕು: ಅದೇ ಕಿಟಕಿಯಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಬಟನ್ ಇದೆ. ‘ಎಲ್ಲಾ ಡ್ರೈವರ್ ಅಪ್‌ಡೇಟ್ ಮಾಡ್ತೀವಿ’ ಅನ್ನುವ ಬಿಟ್ಟಿ ಸಾಫ್ಟ್‌ವೇರ್‌ಗಳ ಸಹವಾಸ ಬೇಡವೇ ಬೇಡ.

ಕಂಪನಿ ಡ್ರೈವರ್ ಸಿಗದಿದ್ದಾಗ ಮೈಕ್ರೋಸಾಫ್ಟ್ ಹೇಳುವ ದಾರಿ ಎಂಎಸ್‌ಐ ಪದ್ಧತಿಯನ್ನೇ ಆಫ್ ಮಾಡೋದು. ರಿಜಿಸ್ಟ್ರಿಯಲ್ಲಿ ಆ ಕಂಟ್ರೋಲರ್‌ನ ಹೆಸರಿನಡಿ ‘ಎಂಎಸ್‌ಐ ಸಪೋರ್ಟೆಡ್’ ಎಂಬ ಜಾಗದಲ್ಲಿ 1 ಇರೋದನ್ನು 0 ಮಾಡಿ ರೀಸ್ಟಾರ್ಟ್ ಮಾಡಬೇಕು. ಕೆಲಸ ಎರಡು ನಿಮಿಷದ್ದು, ಆದರೆ ರಿಜಿಸ್ಟ್ರಿಯಲ್ಲಿ ಕೈ ತಪ್ಪಿದರೆ ಕಂಪ್ಯೂಟರ್ ಏಳದೇ ಹೋಗಬಹುದು. ಅಭ್ಯಾಸವಿಲ್ಲದವರು ಟೆಕ್ನಿಷಿಯನ್ ಕೈಲೇ ಮಾಡಿಸೋದು ವಾಸಿ. ಬಯಾಸ್‌ನಲ್ಲಿ ಎಎಚ್‌ಸಿಐ ಇರುವುದನ್ನು ರೇಡ್‌ಗೆ, ರೇಡ್ ಇರುವುದನ್ನು ಎಎಚ್‌ಸಿಐಗೆ ಸುಮ್ಮನೆ ಬದಲಿಸುವುದೂ ಅಷ್ಟೇ ಅಪಾಯ. ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡುತ್ತೆ.

ತೂಕದ ಸೇತುವೆಯಂಥ ಕಡೆ ಇನ್ನೂ ವಿಂಡೋಸ್ ಎಕ್ಸ್‌ಪಿ ಓಡಿಸುತ್ತಿದ್ದರೆ ಕಥೆ ಬೇರೆ. ಐಡಿಇ ಡಿಸ್ಕ್ ಓದುವಾಗ ಆರು ಸಲ ತಪ್ಪಾದರೆ ಎಕ್ಸ್‌ಪಿ ತಾನೇ ವೇಗವನ್ನು ಒಂದೊಂದು ಮೆಟ್ಟಿಲು ಇಳಿಸುತ್ತಾ, ಕೊನೆಗೆ ‘ಪಿಐಒ’ಗೆ ತಂದು ನಿಲ್ಲಿಸುತ್ತೆ. ಅಲ್ಲಿ ಗರಿಷ್ಠ ವೇಗವೇ ಸೆಕೆಂಡಿಗೆ 16.7 ಎಂಬಿ, ಪ್ರೊಸೆಸರ್‌ಗೂ ಮೈಮುರಿ ಕೆಲಸ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರೈಮರಿ ಐಡಿಇ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ಅದು ಮತ್ತೆ ಹೊಸದಾಗಿ ಗುರುತಿಸಿಕೊಂಡು ಮೊದಲಿನ ವೇಗಕ್ಕೆ ಬರುತ್ತೆ. ಕೆಲವೇ ದಿನದಲ್ಲಿ ಪುನಃ ಇಳಿದರೆ ಕೇಬಲ್ ಅಥವಾ ಡಿಸ್ಕ್ ಹಾಳಾಗಿದೆ ಎಂದು ಲೆಕ್ಕ.

ರಿಪೇರಿಗೆ ಒಯ್ಯುವವರು ಟಾಸ್ಕ್ ಮ್ಯಾನೇಜರ್ ಮತ್ತು ಈವೆಂಟ್ ವ್ಯೂವರ್ ಪರದೆಯ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋಗಿ. ‘ಡಿಸ್ಕ್ ಹೋಗಿದೆ’ ಅಂದರೆ ಯಾವ ಪರೀಕ್ಷೆಯಲ್ಲಿ ಕಂಡಿತು, ತೋರಿಸಿ ಅಂತ ಕೇಳಿ. ಬದಲಿಸಿದ್ದೇ ಆದರೆ ಹಳೆಯ ಡಿಸ್ಕನ್ನು ವಾಪಸ್ ತೆಗೆದುಕೊಂಡು ಬನ್ನಿ, ಅಂಗಡಿಯ ಲೆಕ್ಕವೆಲ್ಲ ಅದರಲ್ಲೇ ಇರುತ್ತೆ.